ಬ್ಯಾಂಕಾಕಿನ ಫುಟ್‌ಪಾತಿನಲ್ಲಿ ಕೂತು ತಿಂದ ಪಡ್ಡು

ಬ್ಯಾಂಕಾಕಿಗೆ ಹೋಗಿ ಬಂದೆ ಅಂದ್ರೆ ನಮ್ಮ ಜನ ಒಂಥರಾ ನಗ್ತಾರೆ. ಆ ನಗು ನಿಮಗೂ ಗೊತ್ತು. ನಾನು ರಜಾ ಚೀಟಿ ಕೊಟ್ಟಾಗ ನಮ್ಮ ಕ್ಯಾಮೆರಾ ಹುಡುಗರು ನಕ್ಕರು, ಮೇಕಪ್ ಮಾಡುವವರು ನಕ್ಕರು. "ಜೊತೆಗೆ ಯಾರು ಸಾರ್?" ಅಂತ ಕೇಳಿದರು. "ನಮ್ಮಕ್ಕನ ಮಗ" ಅಂದೆ. ನಗು ಇನ್ನೂ ಜೋರಾಯಿತು.

ಇರಲಿ ಬಿಡಿ. ಇವತ್ತು ರಾಜಕೀಯ ಇಲ್ಲ, ಚರ್ಚೆ ಇಲ್ಲ, ಫೋನ್ ಇನ್ ಇಲ್ಲ. ಒಂದು ಪ್ರವಾಸದ ಕಥೆ ಹೇಳ್ತೀನಿ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳ್ತೀನಿ. ಹತ್ತು ನಿಮಿಷ ಕೊಡಿ.

ಅಕ್ಕನ ಮಗನಿಗೆ ಇಪ್ಪತ್ತಾರು ವಯಸ್ಸು. ಬೆಂಗಳೂರಿನಲ್ಲೇ ಕೆಲಸ. ವರ್ಷಕ್ಕೊಂದು ಸಲ ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಎಲ್ಲಿಗಾದರೂ ಹೊರಟುಬಿಡುತ್ತಾನೆ. ಬ್ಯಾಕ್‌ಪ್ಯಾಕಿಂಗ್ ಅಂತಾರಲ್ಲ, ಅದು. 2023ರ ನವೆಂಬರಿನಿಂದ ಭಾರತೀಯರಿಗೆ ವೀಸಾ ಬೇಡ ಅಂತ ಥಾಯ್ಲೆಂಡ್ ಘೋಷಿಸಿತು, ನೆನಪಿರಬಹುದು. ಆ ಸುದ್ದಿಯನ್ನು ನಿಮಗೆ ಓದಿ ಹೇಳಿದವನು ನಾನೇ. ಅವತ್ತೇ ರಾತ್ರಿ ಅವನ ಫೋನು. "ಮಾವ, ಬರೀ ಸುದ್ದಿ ಓದ್ತೀರೋ, ಬರ್ತೀರೋ?"

2024ರ ಜನವರಿಯಲ್ಲಿ ಹೊರಟೆವು. ಅವನದು ಒಂದೇ ಷರತ್ತು. ದೊಡ್ಡ ಹೋಟೆಲ್ ಇಲ್ಲ, ಟ್ಯಾಕ್ಸಿ ಇಲ್ಲ, ಪ್ಯಾಕೇಜ್ ಟೂರ್ ಇಲ್ಲ. ಒಬ್ಬರಿಗೆ ದಿನಕ್ಕೆ ಏಳುನೂರು ಬಾತ್, ಅಷ್ಟೇ. ಬಾತ್ ಅಂದರೆ ಬಿಸಿಬೇಳೆಬಾತ್ ಅಲ್ಲ ಸ್ವಾಮಿ, ಅವರ ದುಡ್ಡು. ಒಂದು ಬಾತಿಗೆ ಆಗ ನಮ್ಮ ಎರಡೂಕಾಲು ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಅಂದರೆ ದಿನಕ್ಕೆ ಸಾವಿರದ ಆರುನೂರು, ಏಳುನೂರು ರೂಪಾಯಿ. ಅದರಲ್ಲೇ ಮಲಗಬೇಕು, ತಿನ್ನಬೇಕು, ತಿರುಗಬೇಕು. ಐವತ್ತು ದಾಟಿದ ನನಗೆ ಇದೆಲ್ಲ ಬೇಕಿತ್ತಾ ಅಂತ ವಿಮಾನದಲ್ಲಿ ಕೂತ ಮೇಲೂ ಅನ್ನಿಸ್ತಾ ಇತ್ತು.

ಇಳಿದದ್ದು ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ. ಹೆಸರು ನೋಡಿ, ನಮ್ಮದೇ. ಅವರು ಹೇಳುವಾಗ ಮಾತ್ರ 'ಸುವನ್ನಫೂಮ್' ಆಗುತ್ತದೆ. ಅಲ್ಲಿಂದ ನಗರದೊಳಗಿನ ಫಯಾ ಥಾಯ್ ನಿಲ್ದಾಣದವರೆಗೆ ರೈಲು, ನಲವತ್ತೈದು ಬಾತ್. ಇಳಿದು ಬ್ಯಾಗು ಹೊತ್ತು ಒಂದಷ್ಟು ದೂರ ನಡೆದರೆ ಒಂದು ಕಾಲುವೆ. ಹೆಸರು ಸೇನ್ ಸೇಪ್. ಅದರಲ್ಲಿ ದೋಣಿ ಓಡುತ್ತದೆ, ನಮ್ಮಲ್ಲಿ ಸಿಟಿ ಬಸ್ ಓಡಿದ ಹಾಗೆ.

ಈ ಕಾಲುವೆ ತೋಡಿಸಿದ್ದು 1837ರಲ್ಲಿ, ಮೂರನೇ ರಾಮ ಎಂಬ ರಾಜ. ಯುದ್ಧಕ್ಕೆ ಸೈನಿಕರನ್ನು, ಸಾಮಾನನ್ನು ಸಾಗಿಸಬೇಕಿತ್ತು. ಯುದ್ಧ ಮುಗಿಯಿತು, ಕಾಲುವೆ ಉಳಿಯಿತು. ಆಮೇಲೆ ನಗರ ಬೆಳೆದು ಅದನ್ನು ಹೊಲಸು ಮಾಡಿತು, ಎಲ್ಲ ನಗರಗಳೂ ಮಾಡುವ ಹಾಗೆ. ರಸ್ತೆಯಲ್ಲಿ ವಾಹನ ಅಲ್ಲಾಡದ ಸ್ಥಿತಿ ಬಂದಾಗ, 1990ರಲ್ಲಿ, ಅದೇ ಹೊಲಸು ನೀರಿನ ಮೇಲೆ ಪ್ರಯಾಣಿಕರ ದೋಣಿ ಬಿಟ್ಟರು. ಕಂಡಕ್ಟರು ಹೆಲ್ಮೆಟ್ ಹಾಕಿಕೊಂಡು ದೋಣಿಯ ಅಂಚಿನ ಮೇಲೆ, ಹೊರಗಡೆ, ನಡೆಯುತ್ತಾ ಟಿಕೆಟ್ ಕೊಡುತ್ತಾನೆ. ಎದುರಿಂದ ಇನ್ನೊಂದು ದೋಣಿ ಬಂದರೆ ನೀರು ಎರಚುತ್ತದೆ. ಆಗ ಪಕ್ಕದಲ್ಲಿ ಕೂತವರು ಹಗ್ಗ ಎಳೆಯಬೇಕು, ಪ್ಲಾಸ್ಟಿಕ್ ಪರದೆ ಮೇಲೇಳುತ್ತದೆ. ನಾನು ಎಳೆಯೋದು ತಡ ಮಾಡಿದೆ. ಪಕ್ಕದಲ್ಲಿದ್ದ, ಇಸ್ತ್ರಿ ಮಾಡಿದ ಬಟ್ಟೆಯ ಒಬ್ಬ ಹೆಣ್ಣುಮಗಳು ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಎಳೆದಳು. ಮಾತಿಲ್ಲ. ಅವಳಿಗೆ ಅದು ದಿನಾ ಇದ್ದದ್ದೇ. ನನಗೆ ಅದು ಮೊದಲ ಪಾಠ. ಇದು ಟೂರಿಸ್ಟುಗಳ ಆಟದ ದೋಣಿ ಅಲ್ಲ, ಆಫೀಸಿಗೆ ಹೋಗುವವರ ದೋಣಿ. ನಾನು ಅದರಲ್ಲಿ ಹತ್ತಿಕೊಂಡಿದ್ದೇನೆ, ಅಷ್ಟೇ.

ದೋಣಿಯ ಕೊನೆಯ ಕಟ್ಟೆಯಲ್ಲಿ ಇಳಿದೆವು. ಅಲ್ಲಿಂದ ನಡೆದರೆ ಖಾವ್ ಸಾನ್ ರಸ್ತೆ. ಖಾವ್ ಸಾನ್ ಅಂದರೆ ಅಕ್ಕಿ. ಒಂದು ಕಾಲದಲ್ಲಿ ಇದು ಅಕ್ಕಿ ವ್ಯಾಪಾರದ ಬೀದಿ. 1980ರ ದಶಕದಲ್ಲಿ ಇಲ್ಲಿಯ ಮನೆಯವರು ವಿದೇಶಿ ಹುಡುಗರಿಗೆ ಕೋಣೆ ಬಾಡಿಗೆಗೆ ಕೊಡಲು ಶುರುಮಾಡಿದರು. ಈಗ ಜಗತ್ತಿನ ಬ್ಯಾಕ್‌ಪ್ಯಾಕರುಗಳಿಗೆಲ್ಲ ಅದೊಂದು ಜಂಕ್ಷನ್. ರಾತ್ರಿ ಆ ರಸ್ತೆ ನೋಡಬೇಕು ನೀವು. ಎರಡೂ ಕಡೆಯಿಂದ ಸ್ಪೀಕರು. ಕಡ್ಡಿಗೆ ಚುಚ್ಚಿದ ಚೇಳು. ತಿನ್ನುವವರಿಗಿಂತ ಫೋಟೋ ತೆಗೆಯುವವರೇ ಜಾಸ್ತಿ. ನನಗೆ ಹತ್ತು ನಿಮಿಷಕ್ಕೆ ತಲೆನೋವು ಬಂತು. ನಮ್ಮ ವಸತಿ ಅದರ ಹಿಂದಿನ ಗಲ್ಲಿಯಲ್ಲಿ. ಒಂದೇ ಕೋಣೆಯಲ್ಲಿ ಎಂಟು ಹಾಸಿಗೆ, ರೈಲಿನ ಬರ್ತ್ ಥರ ಮೇಲೊಂದು ಕೆಳಗೊಂದು. ತಲೆಗೆ ಮುನ್ನೂರೈವತ್ತು ಬಾತ್. ವಯಸ್ಸಿಗೆ ಮರ್ಯಾದೆ ಕೊಟ್ಟು ನನಗೆ ಕೆಳಗಿನ ಬರ್ತ್ ಬಿಟ್ಟರು.

ಇನ್ನು ಊಟ. ನಾನು ಸಸ್ಯಾಹಾರಿ. ಅಲ್ಲಿ ತರಕಾರಿ ಅನ್ನಕ್ಕೂ ಮೀನಿನ ಸಾಸು ಹಾಕಿಬಿಡುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದರೆ ಅಲ್ಲಿ 'ಜೇ' ಊಟ, ಅಂದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ್ದು ಅಂತ ಹುಡುಗ ಹೇಳಿಕೊಟ್ಟ. ಸಸ್ಯಾಹಾರಕ್ಕೆ ಥಾಯ್ ಭಾಷೆಯಲ್ಲಿ ಏನಂತಾರೆ ಗೊತ್ತಾ? 'ಮಂಗ್ಸವಿರತ್'. ಬಿಡಿಸಿ ನೋಡಿ. ಮಾಂಸ, ವಿರತಿ. ಮಾಂಸದಿಂದ ವಿರತಿ! ಆಹಾರಕ್ಕೆ 'ಆಹಾನ್' ಅಂತಾರೆ. ಸಾವಿರಾರು ಮೈಲಿ ದೂರದ ಊರಲ್ಲಿ ಹಸಿದು ನಿಂತಾಗ ಈ ಎರಡು ಪದ ಕೈ ಹಿಡಿದವು.

ಎರಡನೇ ದಿನ ಸಂಜೆ ನಾನು ಮುಖ್ಯವಾಗಿ ಹೇಳಬೇಕಾದ ಗಾಡಿ ಸಿಕ್ಕಿತು.

ಗಲ್ಲಿಯ ತಿರುವಿನಲ್ಲಿ, ಫುಟ್‌ಪಾತಿನ ಮೇಲೆ, ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಮುಂದೆ ಒಂದು ಕಾವಲಿ. ಕಾವಲಿಯಲ್ಲಿ ಗುಳಿ ಗುಳಿ. ನಾನು ಹಾಗೇ ನಿಂತುಬಿಟ್ಟೆ. ಪಡ್ಡಿನ ಕಾವಲಿ ಕಣ್ರೀ ಅದು! ನಮ್ಮ ದಾವಣಗೆರೆಯಲ್ಲಿ, ನಮ್ಮಮ್ಮನ ಅಡುಗೆಮನೆಯಲ್ಲಿ ಇದ್ದದ್ದೇ. ಕೆಲವರು ಗುಳಿಯಪ್ಪ ಅಂತೀರಿ, ಕೆಲವರು ಗುಂಡ್ಪಂಗ್ಳ ಅಂತೀರಿ. ಅವರು ಅದಕ್ಕೆ 'ಖನೋಮ್ ಕ್ರೋಕ್' ಅಂತಾರೆ. ಅಕ್ಕಿಹಿಟ್ಟು, ತೆಂಗಿನಹಾಲು, ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು. ಮೇಲೆ ಹೆಚ್ಚಿದ ಈರುಳ್ಳಿ ಎಲೆ ಅಥವಾ ಜೋಳದ ಕಾಳು. ನಾವು ಪಡ್ಡು ತಿರುಗಿಸಿ ಹಾಕ್ತೀವಿ. ಅವರು ತಿರುಗಿಸಲ್ಲ, ಎರಡು ಅರ್ಧಗಳನ್ನು ಜೋಡಿಸಿ ಕೊಡುತ್ತಾರೆ.

ಒಂದು ಪೊಟ್ಟಣಕ್ಕೆ ನಲವತ್ತು ಬಾತ್ ಅಂತ ಬರೆದಿತ್ತು. ನಾನು ಏನು ಮಾಡಿದೆ? ಮೂರು ಬೆರಳು ತೋರಿಸಿದೆ. ಮೂವತ್ತು.

ಅಭ್ಯಾಸ ನೋಡಿ. ಬೀದಿಯಲ್ಲಿ ಚೌಕಾಸಿ ಮಾಡದೆ ಕೊಂಡರೆ ನಮಗೆ ಏನೋ ಕಳಕೊಂಡ ಹಾಗೆ. ಆಕೆ ನಕ್ಕು ತಲೆ ಅಲ್ಲಾಡಿಸಿದಳು. ನಾನು ಮತ್ತೆ ಮೂರು ಬೆರಳು. ಹುಡುಗ ಮುಖ ಆಚೆ ತಿರುಗಿಸಿಕೊಂಡ. ಕೊನೆಗೆ ನಲವತ್ತೇ ಕೊಟ್ಟೆ. ಆಕೆ ಪೊಟ್ಟಣದ ಮೇಲೆ ಇನ್ನೆರಡು ಹೆಚ್ಚಿಗೆ ಇಟ್ಟು ಕೊಟ್ಟಳು. ಕೆಂಪು ಪ್ಲಾಸ್ಟಿಕ್ ಸ್ಟೂಲು ತೋರಿಸಿ ಕೂರಿ ಅಂತ ಸನ್ನೆ ಮಾಡಿದಳು.

ಕೂತೆವು. ಹುಡುಗ ಕೇಳಿದ, "ಮಾವ, ವಿಮಾನ ನಿಲ್ದಾಣದಲ್ಲಿ ಕಾಫಿಗೆ ಎಷ್ಟು ಕೊಟ್ರಿ?" ಇನ್ನೂರೈವತ್ತು ರೂಪಾಯಿ ಕೊಟ್ಟಿದ್ದೆ. "ಅಲ್ಲಿ ಬೆರಳು ತೋರಿಸಲಿಲ್ವಲ್ಲ?" ನಾನು ಮಾತಾಡಲಿಲ್ಲ. ಅವನು ಬಿಡಲಿಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಆ ಫುಟ್‌ಪಾತ್ ಕಾರ್ಯಕ್ರಮ ನೋಡಿದ್ದೆ. ಈಗ ನೀವು ಕೂತಿರೋದು ಎಲ್ಲಿ?"

ನಾನು ಕೂತಿದ್ದು ಫುಟ್‌ಪಾತಿನ ಮೇಲೆ.

ಆ ಕಾರ್ಯಕ್ರಮ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಬೀದಿ ಗಾಡಿಗಳನ್ನು ಎತ್ತಂಗಡಿ ಮಾಡಿದ ದಿನ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಫುಟ್‌ಪಾತ್ ಯಾರಪ್ಪನದು?' ಅಂತ ಹಾಕಿದ್ದೆವು. ಜೆಸಿಬಿ ಗಾಡಿಯನ್ನು ಎತ್ತಿ ಲಾರಿಗೆ ಹಾಕುವ ದೃಶ್ಯ. ಒಬ್ಬ ಹೆಂಗಸು ಇಡ್ಲಿ ಪಾತ್ರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಓಡುವ ದೃಶ್ಯ. ಅದನ್ನು ನಾವು ಆ ರಾತ್ರಿ ಎಷ್ಟು ಸಲ ತೋರಿಸಿದೆವೋ ಲೆಕ್ಕ ಇಲ್ಲ. ಹಿಂದೆ ಡಮರು ಬಡಿದ ಹಾಗೆ ಮ್ಯೂಸಿಕ್ಕು. ಕೋಟು ಹಾಕಿಕೊಂಡು ನಾನು ಹೇಳಿದೆ, "ಕೊನೆಗೂ ಕ್ಲೀನ್ ಆಯ್ತು ನೋಡಿ" ಅಂತ. ಆ ಹೆಂಗಸಿನ ಹೆಸರು ನಾನು ಕೇಳಲಿಲ್ಲ. ಅವಳ ಮುಂದೆ ನಮ್ಮ ಮೈಕು ಹಿಡಿಯಲಿಲ್ಲ.

ಮುಂದಿನ ಮೂರು ಸಂಜೆಯೂ ಅದೇ ಸ್ಟೂಲಿನ ಮೇಲೆ ಕೂತೆ. ತಿನ್ನೋದಕ್ಕಿಂತ ನೋಡೋದಕ್ಕೆ. ನಾಲ್ಕೂವರೆಗೆ ಆಕೆ ಗಾಡಿ ತಳ್ಳಿಕೊಂಡು ಬರುತ್ತಾಳೆ. ಗ್ಯಾಸು, ನೀರಿನ ಕ್ಯಾನು, ಎರಡು ಬಕೆಟ್ಟು, ಒಂದರೊಳಗೊಂದು ಜೋಡಿಸಿದ ಸ್ಟೂಲು. ಪಕ್ಕದಲ್ಲಿ ನೂಡಲ್ಸಿನವನು, ಅವನ ಪಕ್ಕ ಹೆಚ್ಚಿದ ಹಣ್ಣಿನವಳು. ನಡುವೆ ಜನ ನಡೆಯಲು ದಾರಿ. ತಿನ್ನಲು ಬರುವವರು ಯಾರು? ಕೇಸರಿ ಬಣ್ಣದ ಜಾಕೆಟ್ಟಿನ ಬೈಕ್ ಟ್ಯಾಕ್ಸಿಯವರು. ಅಂಗಡಿ ಕೆಲಸ ಮುಗಿಸಿದ ಹುಡುಗಿಯರು. ಸಮವಸ್ತ್ರದ ಶಾಲಾ ಮಕ್ಕಳು. ಆ ನಗರದ ಬಹಳಷ್ಟು ಬಾಡಿಗೆ ಕೋಣೆಗಳಲ್ಲಿ ಅಡುಗೆಮನೆಯೇ ಇಲ್ಲ. ರಾತ್ರಿ ಊಟ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಾರೆ. ಫುಟ್‌ಪಾತೇ ಅವರ ಅಡುಗೆಮನೆ. ಹತ್ತು ಗಂಟೆ ಕಳೆದ ಮೇಲೆ ಆಕೆ ಗಾಡಿ ಕಟ್ಟಿ, ಬಕೆಟ್ ನೀರು ಸುರಿದು, ಪೊರಕೆ ಹಿಡಿದು ತನ್ನ ಜಾಗ ಗುಡಿಸಿ ಹೋಗುತ್ತಾಳೆ.

ಆಗ ನನಗೆ ಹೊಳೆದದ್ದು ಇಷ್ಟು. ನಾವು ಹೊರಗಿನವರು ಬಂದು, ಅಬ್ಬಾ ಎಷ್ಟು ಅಗ್ಗ ಈ ಊರು ಅಂತೀವಲ್ಲ, ಆ ಅಗ್ಗ ನಮಗೋಸ್ಕರ ಮಾಡಿದ್ದಲ್ಲ. ಆ ಊರಿನ ಕಡಿಮೆ ಸಂಬಳದವರು ಬದುಕಲು ಕಟ್ಟಿಕೊಂಡ ವ್ಯವಸ್ಥೆ ಅದು. ಕಾಲುವೆ ದೋಣಿ ಅವರದು, ಸಿಟಿ ಬಸ್ಸು ಅವರದು, ಈ ಗಾಡಿ ಅವರದು. ಅವರು ಬದುಕಲು ಆಗದ ಊರಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಂದವನೂ ಎರಡು ದಿನ ನಿಲ್ಲಲಾರ.

ಬ್ಯಾಂಕಾಕ್ ಏನು ಸ್ವರ್ಗ ಅಂತ ನಾನು ಹೇಳ್ತಾ ಇಲ್ಲ. ಅಲ್ಲೂ ಇದೇ ಜಗಳ ಇದೆ. 2014ರ ಮೇ ತಿಂಗಳಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿಯಿತು. ಆಮೇಲೆ ನಗರಾಡಳಿತ ಫುಟ್‌ಪಾತ್ ತೆರವು ಶುರುಮಾಡಿತು. ಕಾರಣ ಏನು ಹೇಳಿದರು? ನಡೆಯುವವರಿಗೆ ಜಾಗ ಬೇಕು, ಸ್ವಚ್ಛತೆ ಬೇಕು. ನಾನು ಸ್ಟುಡಿಯೋದಲ್ಲಿ ಕೂತು ಹೇಳಿದ ಮಾತುಗಳೇ. ಹಳೆಯ ಬೀದಿ ಮಾರುಕಟ್ಟೆಗಳು ಖಾಲಿಯಾದವು. 2017ರಲ್ಲಂತೂ ಎಲ್ಲ ಮುಖ್ಯ ರಸ್ತೆಗಳಿಂದಲೂ ಗಾಡಿ ತೆಗೆಸುತ್ತೇವೆ ಅಂತ ಹೇಳಿಬಿಟ್ಟರು. ತಮಾಷೆ ನೋಡಿ, ಅದೇ ವರ್ಷ ಸಿಎನ್‌ಎನ್ ಬ್ಯಾಂಕಾಕನ್ನು ಬೀದಿ ಊಟಕ್ಕೆ ಜಗತ್ತಿನಲ್ಲೇ ಅತ್ಯುತ್ತಮ ನಗರ ಅಂತ ಆರಿಸಿತ್ತು. ಜಗತ್ತೆಲ್ಲ ಬೊಬ್ಬೆ ಹಾಕಿತು. ಆಗ ಆಡಳಿತ ಸ್ವಲ್ಪ ಹಿಂದೆ ಸರಿದು, ಖಾವ್ ಸಾನ್ ರಸ್ತೆಯ ಗಾಡಿ ಇರಲಿ, ಚೀನಿಯರ ಪೇಟೆ ಯಾವೊರಾತ್‌ನ ಗಾಡಿ ಇರಲಿ ಅಂದಿತು.

ಇದರಲ್ಲಿ ಏನು ಕಾಣ್ತು ನಿಮಗೆ? ವಿದೇಶಿಯರು ತಿನ್ನುವ ಗಾಡಿ ಇರಲಿ. ಬೇರೆ ಬಡಾವಣೆಗಳಲ್ಲಿ ಅವರ ಜನವೇ ತಿನ್ನುವ ಗಾಡಿಗೆ ಮಾತ್ರ ಆ ಭರವಸೆ ಇಲ್ಲ. ನನ್ನಂಥ ಪ್ರವಾಸಿಯ ಫೋಟೋಗೆ ಇದ್ದ ಬೆಲೆ ಆ ಊರಿನ ಕಾರ್ಮಿಕನ ಹೊಟ್ಟೆಗೆ ಇರಲಿಲ್ಲ.

ಇನ್ನೊಂದು ಕಡೆಯನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಅನ್ಯಾಯವಾಗುತ್ತೆ. ಫುಟ್‌ಪಾತು ನಡೆಯುವವರದ್ದೂ ಹೌದು. ಕಣ್ಣು ಕಾಣದವರು, ಗಾಲಿಕುರ್ಚಿಯವರು, ಮಗು ಎತ್ತಿಕೊಂಡ ತಾಯಿ ರಸ್ತೆಗೆ ಇಳಿಯಬೇಕಾಗಿ ಬಂದರೆ ಅದು ತಪ್ಪೇ. ಬ್ಯಾಂಕಾಕಿನ ಕೆಲವು ಬೀದಿಗಳಲ್ಲಿ ನಾನೂ ಹಾಗೆ ಇಳಿದಿದ್ದೇನೆ, ಪಕ್ಕದಲ್ಲೇ ಬೈಕು ಸವರಿಕೊಂಡು ಹೋಗಿದೆ. ಇದಕ್ಕೆ ಸಿಂಗಾಪುರ ಒಂದು ದಾರಿ ಕಂಡುಕೊಂಡಿತು. 1960ರ ದಶಕದ ಕೊನೆಯಲ್ಲಿ ಬೀದಿ ವ್ಯಾಪಾರಿಗಳನ್ನು ಎಣಿಸಿ, ಪರವಾನಗಿ ಕೊಟ್ಟರು. ಆಮೇಲೆ ನೀರು, ಚರಂಡಿ, ಸೂರು ಇರುವ ಜಾಗ ಕಟ್ಟಿಸಿ, ಒಂದೊಂದಾಗಿ ಒಳಗೆ ಕೂರಿಸಿದರು. ಅದಕ್ಕೆ ವರ್ಷಗಳೇ ಹಿಡಿದವು. 2020ರಲ್ಲಿ ಆ ಸಂಸ್ಕೃತಿ ಯುನೆಸ್ಕೋ ಪಟ್ಟಿಗೆ ಸೇರಿತು. ಮೊದಲು ಎಣಿಸಿದರು, ಆಮೇಲೆ ಎಬ್ಬಿಸಿದರು. ಆ ಕ್ರಮ ಗಮನಿಸಿ.

ಪ್ರವಾಸದ ಕಥೆ ಹೇಳ್ತೀನಿ ಅಂದವನು ಅರಮನೆ ಬಿಟ್ಟೆ ಅನ್ನಬೇಡಿ. ಅದಕ್ಕೂ ಹೋದೆವು. ಟಿಕೆಟ್ ಐನೂರು ಬಾತ್. ಒಳಗೆ ಗೋಡೆಯುದ್ದಕ್ಕೂ ಅವರ ರಾಮಾಯಣ, ರಾಮಕಿಯೆನ್, ನೂರ ಎಪ್ಪತ್ತೆಂಟು ಚಿತ್ರಪಟ. ನಮ್ಮ ಹನುಮಂತ ಅಲ್ಲಿ ಬಿಳಿ ಬಣ್ಣದವನು. ಆದರೆ ಅಲ್ಲಿಗೆ ಮುಟ್ಟುವ ಮೊದಲು ಒಬ್ಬ ಸಭ್ಯಸ್ಥ ಅಡ್ಡ ಬಂದ. ಒಳ್ಳೆ ಶರ್ಟು, ಒಳ್ಳೆ ಇಂಗ್ಲಿಷು. "ಅರಮನೆ ಇವತ್ತು ಮಧ್ಯಾಹ್ನದವರೆಗೆ ಮುಚ್ಚಿದೆ, ಇಪ್ಪತ್ತು ಬಾತಿಗೆ ಟುಕ್ ಟುಕ್‌ನಲ್ಲಿ ಊರು ತೋರಿಸ್ತಾರೆ" ಅಂದ. ಆ ಆಟೋ ಕೊನೆಗೆ ಹೋಗಿ ನಿಲ್ಲೋದು ಹರಳಿನ ಅಂಗಡಿ ಮುಂದೆ. ಹಳೆಯ ಮೋಸ ಅದು, ಹುಡುಗನಿಗೆ ಗೊತ್ತಿತ್ತು, ತಪ್ಪಿಸಿಕೊಂಡೆವು. ಐದು ದಿನದಲ್ಲಿ ನನಗೆ ಟೋಪಿ ಹಾಕಲು ಬಂದವನು ಅವನೊಬ್ಬನೇ. ಫುಟ್‌ಪಾತಿನ ಮೇಲೆ ಬೆಂಕಿ ಮುಂದೆ ನಿಂತವರು ಯಾರೂ ಒಂದು ಬಾತ್ ಜಾಸ್ತಿ ಕೇಳಲಿಲ್ಲ.

ಲೆಕ್ಕ ಬೇಕಾ? ನಾಲ್ಕು ರಾತ್ರಿ ಹಾಸಿಗೆಗೆ ಸಾವಿರದ ನಾನೂರು. ಐದು ದಿನದ ಊಟಕ್ಕೆ ಸಾವಿರದ ನೂರರ ಆಸುಪಾಸು. ದೋಣಿ, ಬಸ್ಸು, ರೈಲಿಗೆ ಮುನ್ನೂರು. ಅರಮನೆಗೆ ಐನೂರು. ಒಟ್ಟು ಮೂರು ಸಾವಿರದ ಮುನ್ನೂರು ಬಾತ್. ವಿಮಾನದ ಖರ್ಚು ಬಿಟ್ಟು ನಮ್ಮ ದುಡ್ಡಿನಲ್ಲಿ ಎಂಟು ಸಾವಿರದೊಳಗೆ.

ವಾಪಸ್ ಬಂದ ಮೇಲೆ ಆ ಕಾನೂನು ತೆಗೆದು ಓದಿದೆ. ಹತ್ತಿರ ಇಟ್ಟುಕೊಂಡೇ ಕಾರ್ಯಕ್ರಮ ಮಾಡಬೇಕಿತ್ತು, ಮಾಡಲಿಲ್ಲ. ನಮ್ಮ ದೇಶದಲ್ಲಿ 2014ರಲ್ಲೇ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಬ್ಯಾಂಕಾಕಿನಲ್ಲಿ ತೆರವು ಶುರುವಾದ ಅದೇ ವರ್ಷ. ಏನು ಹೇಳುತ್ತದೆ ಕಾಯ್ದೆ? ಮೊದಲು ಸಮೀಕ್ಷೆ ಮಾಡಿ, ಎಲ್ಲ ವ್ಯಾಪಾರಿಗಳಿಗೂ ಪ್ರಮಾಣಪತ್ರ ಕೊಡಿ. ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸಬೇಡಿ. ಆಮೇಲೂ ಎಬ್ಬಿಸಬೇಕಾದರೆ ಮೂವತ್ತು ದಿನದ ನೋಟಿಸು ಕೊಡಿ. ಎಲ್ಲಿ ವ್ಯಾಪಾರ, ಎಲ್ಲಿ ಬೇಡ ಅಂತ ತೀರ್ಮಾನಿಸಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ಆ ರಾತ್ರಿ ನಾನು 'ಅತಿಕ್ರಮಣ' ಅಂತ ಎಷ್ಟು ಸಲ ಹೇಳಿದೆನೋ! ಸಮೀಕ್ಷೆ ಆಗಿತ್ತಾ, ನೋಟಿಸು ಕೊಟ್ಟಿದ್ದರಾ ಅಂತ ಒಂದು ಸಲವೂ ಕೇಳಲಿಲ್ಲ. ಕೇಳೋದೇ ನನ್ನ ಕೆಲಸ, ಅದಕ್ಕೇ ನನಗೆ ಸಂಬಳ.

ಕಳೆದ ಭಾನುವಾರ ಬೆಳಿಗ್ಗೆ ಆ ಬಡಾವಣೆಗೆ ಹೋದೆ. ಕ್ಯಾಮೆರಾ ಇಲ್ಲದೆ, ಹುಡುಗನ ಜೊತೆ. ಇಡ್ಲಿ ಅಮ್ಮ ಎಲ್ಲಿ ಅಂತ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿದೆ. ಅವರಿಗೆ ಗೊತ್ತಿಲ್ಲ. "ಅವತ್ತಿಂದ ಬಂದಿಲ್ಲ ಸಾರ್. ಊರಿಗೆ ಹೋದ್ರೋ ಏನೋ" ಅಂದರು. ನನ್ನ ಮುಖ ನೋಡಿ ಗುರುತು ಹಿಡಿದರು. "ನೀವು ಟೀವೀಲಿ ಹೇಳಿದ್ರಿ ಅಲ್ವಾ, ಒಳ್ಳೇದಾಯ್ತು ಸಾರ್" ಅಂದರು. ನಾನು ಆಚೆ ಬಂದು ಆ ಫುಟ್‌ಪಾತ್ ನೋಡಿದೆ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ, ಫುಟ್‌ಪಾತಿನ ಮೇಲೆ ಅರ್ಧ ಹತ್ತಿಸಿ, ಎರಡು ಕಾರು ನಿಂತಿದ್ದವು. ಒಬ್ಬ ಅಜ್ಜ ಕೋಲೂರಿಕೊಂಡು ಅವುಗಳನ್ನು ಬಳಸಿ ರಸ್ತೆಗೆ ಇಳಿದು ಹೋದರು. ಅದನ್ನು ಎತ್ತಲು ಯಾವ ಜೆಸಿಬಿಯೂ ಬಂದಿರಲಿಲ್ಲ. ಯಾವ ಚಾನೆಲ್ಲೂ ಬಂದಿರಲಿಲ್ಲ, ನಮ್ಮದೂ ಸೇರಿ.

ಫುಟ್‌ಪಾತ್ ಯಾರಪ್ಪನದು ಅಂತ ನಾನು ಅಬ್ಬರಿಸಿ ಕೇಳಿದ್ದೆನಲ್ಲ, ಅಲ್ಲಿ ನಿಂತಾಗ ಆ ಪ್ರಶ್ನೆ ನನಗೇ ಕೇಳಿಸಿತು.

ಆ ಅಮ್ಮನಿಗೆ ಈ ಮಾತು ತಲುಪುತ್ತೋ ಇಲ್ಲವೋ ಗೊತ್ತಿಲ್ಲ. ತಲುಪಿದರೆ, ತಪ್ಪಾಯ್ತಮ್ಮ. ನೀವು ಎಲ್ಲಿದ್ದೀರಿ ಅಂತ ಗೊತ್ತಾದರೆ ನಾನೇ ಬರ್ತೀನಿ, ಈ ಸಲ ಮೈಕು ನಿಮ್ಮ ಮುಂದೆ ಹಿಡೀತೀನಿ. ಮಿಕ್ಕವರಿಗೆ ಒಂದೇ ಕೋರಿಕೆ. ಮುಂದಿನ ಸಲ ನಮ್ಮ ಪರದೆಯ ಮೇಲೆ ಗಾಡಿ ಎತ್ತುವ ದೃಶ್ಯ ಬಂದಾಗ, ಸಮೀಕ್ಷೆ ಆಗಿತ್ತಾ, ನೋಟಿಸು ಕೊಟ್ಟಿದ್ದರಾ, ಬೇರೆ ಜಾಗ ತೋರಿಸಿದರಾ ಅಂತ ನಮ್ಮನ್ನು ಕೇಳಿ. ನಾನು ಮರೆತಿದ್ದರೆ ಫೋನ್ ಮಾಡಿ ನೆನಪಿಸಿ.

ಮತ್ತೆ ಬ್ಯಾಂಕಾಕಿಗೆ ಹೋಗುವವರು ಹೋಗಿ ಬನ್ನಿ. ಪಡ್ಡು ಚೆನ್ನಾಗಿರುತ್ತೆ. ಚೌಕಾಸಿ ಮಾಡಬೇಡಿ.